ಹಳೆಯ ಕಾರುಗಳಲ್ಲಿ ಬ್ರೇಕ್ ದ್ರವದ ಸೋರಿಕೆ

ಹಳೆಯ ಕಾರುಗಳಲ್ಲಿ ಬ್ರೇಕ್ ದ್ರವದ ಸೋರಿಕೆ ಎಂದರೆ ಹೈಡ್ರಾಲಿಕ್ ಬ್ರೇಕ್ ವ್ಯವಸ್ಥೆಯ ಸಿಲಿಂಡರ್, ಕೊಳವೆ ಅಥವಾ ಜೋಡಣೆಗಳಿಂದ ದ್ರವವು ಹೊರಬರುವ ಅಥವಾ ಒಳಗೊಳಗೇ ಜಾರುವ ದೋಷ. ಈ ದ್ರವವನ್ನು ಆಡುಮಾತಿನಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುತ್ತಾರೆ. ಇದು ಮುಚ್ಚಿದ ವ್ಯವಸ್ಥೆಯಾದ್ದರಿಂದ ಇಂಧನ ಅಥವಾ ಎಂಜಿನ್ ಆಯಿಲ್‌ನಂತೆ ದ್ರವವು ಬಳಕೆಯಿಂದ ಖರ್ಚಾಗುವುದಿಲ್ಲ. ಬ್ರೇಕ್ ಶೂ ಅಥವಾ ಪ್ಯಾಡ್ ಸವೆದಂತೆ ಮಟ್ಟ ನಿಧಾನವಾಗಿ ಸ್ವಲ್ಪ ಇಳಿಯುವುದು ಸಹಜ. ಅದರ ಹೊರತಾಗಿ ಮಟ್ಟ ಮತ್ತೆ ಮತ್ತೆ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆ ಇದೆ ಎಂದೇ ಅರ್ಥ. ಸೋರುವ ಸ್ಥಳವನ್ನು ಹುಡುಕದೆ ದ್ರವವನ್ನು ಮಾತ್ರ ತುಂಬಿಸುತ್ತಾ ವಾಹನ ಓಡಿಸುವುದು ಅಪಾಯಕರ.

ಭಾರತದಲ್ಲಿ ಈ ವಿಷಯವು ಮುಖ್ಯವಾಗಿ ಹಿಂದೂಸ್ತಾನ್ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಜೀಪು ಮತ್ತು ಮೊದಲ ಪೀಳಿಗೆಯ ಮಾರುತಿ 800 ವಾಹನಗಳಿಗೆ ಅನ್ವಯಿಸುತ್ತದೆ.

ಹಿನ್ನೆಲೆ

ಹೈಡ್ರಾಲಿಕ್ ಬ್ರೇಕ್ ಬರುವ ಮೊದಲು ಕಾರುಗಳ ಬ್ರೇಕು ಸರಳು ಮತ್ತು ತಂತಿಗಳ ಮೂಲಕ ಕೆಲಸ ಮಾಡುತ್ತಿತ್ತು. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರಿನಲ್ಲಿ ನಾಲ್ಕೂ ಚಕ್ರಗಳಿಗೆ ಹೈಡ್ರಾಲಿಕ್ ಬ್ರೇಕ್ ಅಳವಡಿಸಲಾಯಿತು. ಮುಂದಿನ ದಶಕಗಳಲ್ಲಿ ಈ ಪದ್ಧತಿ ಎಲ್ಲೆಡೆ ರೂಢಿಗೆ ಬಂದಿತು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರನ್ನು ಆಧರಿಸಿದ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 2014ರವರೆಗೆ ತಯಾರಾಯಿತು. ಪದ್ಮಿನಿಯು ಇಟಲಿಯ ಫಿಯೆಟ್ 1100ಡಿ ಮಾದರಿಯಿಂದ ಬಂದದ್ದು. ಈ ಎರಡೂ ಕಾರುಗಳ ಆರಂಭದ ಮಾದರಿಗಳಲ್ಲಿ ನಾಲ್ಕು ಚಕ್ರಗಳಿಗೂ ಡ್ರಮ್ ಬ್ರೇಕ್ ಇತ್ತು. 1983ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದ ಮಾರುತಿ 800ರಲ್ಲಿ ಮುಂದೆ ಡಿಸ್ಕ್ ಹಾಗೂ ಹಿಂದೆ ಡ್ರಮ್ ಬ್ರೇಕ್ ಇದ್ದವು.

ಕಾರ್ಯವಿಧಾನ

ಚಾಲಕನು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ ದ್ರವವನ್ನು ಒತ್ತುತ್ತದೆ. ಪ್ಯಾಸ್ಕಲನ ನಿಯಮದಂತೆ ಈ ಒತ್ತಡ ಕೊಳವೆಗಳ ಮೂಲಕ ಎಲ್ಲ ಚಕ್ರಗಳಿಗೂ ಸಮಾನವಾಗಿ ತಲುಪುತ್ತದೆ. ಚಕ್ರದ ಬಳಿಯ ವೀಲ್ ಸಿಲಿಂಡರ್ ಎರಡು ಶೂಗಳನ್ನು ಅಗಲಿಸಿ ತಿರುಗುವ ಡ್ರಮ್ಮಿಗೆ ಒತ್ತುತ್ತದೆ.

ಒಂದು ಸರಳ ಲೆಕ್ಕದಿಂದ ಈ ಒತ್ತಡದ ಪ್ರಮಾಣ ತಿಳಿಯುತ್ತದೆ. ಪಾದದ ಬಲ 200 ನ್ಯೂಟನ್, ಪೆಡಲಿನ ಸನ್ನೆಯ ಅನುಪಾತ 5 ಎಂದಾದರೆ ಪಿಸ್ಟನ್ ಮೇಲೆ 1000 ನ್ಯೂಟನ್ ಬಲ ಬೀಳುತ್ತದೆ. ಪಿಸ್ಟನ್ನಿನ ವಿಸ್ತೀರ್ಣ 4 ಚದರ ಸೆಂಟಿಮೀಟರ್ ಇದ್ದರೆ ಕೊಳವೆಯೊಳಗಿನ ಒತ್ತಡ ಸುಮಾರು 25 ಬಾರ್ ಆಗುತ್ತದೆ. ಇದು ಕಾರಿನ ಟೈರಿನಲ್ಲಿರುವ ಗಾಳಿಯ ಒತ್ತಡದ ಹತ್ತು ಪಟ್ಟಿಗಿಂತ ಹೆಚ್ಚು. ಆದ್ದರಿಂದ ಕಾರು ನಿಂತಿರುವಾಗ ಪೂರ್ತಿ ಒಣಗಿರುವಂತೆ ಕಾಣುವ ಜೋಡಣೆಯೂ ಪೆಡಲ್ ತುಳಿದಾಗ ಸೋರಬಹುದು.

ಹಳೆಯ ಕಾರುಗಳಲ್ಲಿ ಅಪಾಯ ಹೆಚ್ಚಾಗಿರಲು ಕಾರಣ ಏಕ ಮಾರ್ಗದ ರಚನೆ. ಅಲ್ಲಿ ನಾಲ್ಕು ಚಕ್ರಗಳಿಗೂ ಒಂದೇ ಮಾಸ್ಟರ್ ಸಿಲಿಂಡರ್, ಒಂದೇ ದ್ರವಮಾರ್ಗ ಇರುತ್ತದೆ. ಒಂದು ಕಡೆ ಕೊಳವೆ ಒಡೆದರೆ ನಾಲ್ಕೂ ಚಕ್ರಗಳ ಬ್ರೇಕು ಒಟ್ಟಿಗೇ ಹೋಗುತ್ತದೆ. ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ನಂತರ ರೂಢಿಗೆ ಬಂದ ದ್ವಿಮಾರ್ಗ ವ್ಯವಸ್ಥೆಯಲ್ಲಿ ಒಂದು ಮಾರ್ಗ ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ.

ದ್ರವದ ಗುಣಗಳು

ಸಾಮಾನ್ಯ ಬಳಕೆಯ ಡಾಟ್ 3 ಮತ್ತು ಡಾಟ್ 4 ದ್ರವಗಳು ಗ್ಲೈಕಾಲ್ ಈಥರ್ ಆಧಾರಿತ. ಇವು ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತವೆ. ಹೊಸ ಡಾಟ್ 3 ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಹೀರಿದ ಸ್ಥಿತಿಗೆ ನಿಗದಿಯಾದ ಕನಿಷ್ಠ ಮಟ್ಟ 140 ಡಿಗ್ರಿ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಹೀರಿದ ನೀರು ಸಿಲಿಂಡರ್‌ನ ಒಳಗೋಡೆಗೆ ತುಕ್ಕು ಹಿಡಿಸಿ ಸಣ್ಣ ಗುಳಿಗಳನ್ನು ಮಾಡುತ್ತದೆ. ಪಿಸ್ಟನ್ನಿನ ರಬ್ಬರ್ ಕಪ್ ಆ ಗುಳಿಗಳ ಮೇಲೆ ಹಾಯುವಾಗ ಹರಿದು ಸೋರಿಕೆ ಆರಂಭವಾಗುತ್ತದೆ. ದಿನವೂ ಓಡುವ ಕಾರಿಗಿಂತ ವರ್ಷಗಟ್ಟಲೆ ನಿಂತ ಕಾರಿನಲ್ಲಿ ಈ ದೋಷ ಹೆಚ್ಚಾಗಿ ಕಂಡುಬರುವುದು ಇದೇ ಕಾರಣಕ್ಕೆ.

ಆಯಿಲ್ ಎಂಬ ಹೆಸರಿದ್ದರೂ ಇದು ಖನಿಜ ತೈಲವಲ್ಲ. ಹೆಸರನ್ನು ನಂಬಿ ಎಂಜಿನ್ ಆಯಿಲ್ ಸುರಿದರೆ ರಬ್ಬರ್ ಭಾಗಗಳು ಉಬ್ಬಿ ಇಡೀ ವ್ಯವಸ್ಥೆ ಹಾಳಾಗುತ್ತದೆ. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಗ್ಲೈಕಾಲ್ ದ್ರವದೊಂದಿಗೆ ಬೆರೆಸಬಾರದು. ಹೆಸರಿನಲ್ಲಿ ಹೋಲಿಕೆ ಇದ್ದರೂ ಡಾಟ್ 5.1 ಗ್ಲೈಕಾಲ್ ವರ್ಗಕ್ಕೆ ಸೇರಿದೆ.

ಲಕ್ಷಣಗಳು

* ಪೆಡಲಿನ ಮೇಲೆ ಕಾಲಿಟ್ಟು ಒತ್ತಿ ಹಿಡಿದಾಗ ಅದು ನಿಧಾನವಾಗಿ ಕೆಳಗಿಳಿದರೆ ಹೊರಸೋರಿಕೆ ಇರಬಹುದು, ಇಲ್ಲವೇ ಮಾಸ್ಟರ್ ಸಿಲಿಂಡರ್‌ನ ಕಪ್ ಸವೆದಿರಬಹುದು.
* ಪೆಡಲ್ ಸ್ಪಂಜಿನಂತೆ ಮೆತ್ತಗಿದ್ದರೆ ಕೊಳವೆಯಲ್ಲಿ ಗಾಳಿ ಸೇರಿದೆ. ದ್ರವ ಹೊರಹೋಗುವ ದಾರಿಯಲ್ಲೇ ಗಾಳಿ ಒಳಬಂದಿರಬಹುದು.
* ಎರಡು ಮೂರು ಸಲ ತುಳಿದ ಮೇಲೆ ಪೆಡಲ್ ಎತ್ತರಕ್ಕೆ ಬಂದು ಗಟ್ಟಿಯಾಗಿ ನಿಂತರೆ, ಮಟ್ಟವೂ ಇಳಿಯದಿದ್ದರೆ, ಶೂಗಳ ಹೊಂದಾಣಿಕೆ ಸಡಿಲವಾಗಿರುವ ಸಾಧ್ಯತೆಯೇ ಹೆಚ್ಚು. ಇದು ಸೋರಿಕೆಯಲ್ಲ.
* ಬ್ರೇಕ್ ಹಾಕಿದಾಗ ಕಾರು ಒಂದು ಬದಿಗೆ ಎಳೆದರೆ ಒಂದು ಚಕ್ರದ ಲೈನಿಂಗ್ ದ್ರವದಿಂದ ನೆನೆದಿರಬಹುದು.
* ಮಾಸ್ಟರ್ ಸಿಲಿಂಡರ್ ಸುತ್ತ ಬಣ್ಣ ಉಬ್ಬಿ ಸುಲಿದಿದ್ದರೆ ಅಲ್ಲಿ ದ್ರವ ಹರಿದಿದೆ, ಏಕೆಂದರೆ ಗ್ಲೈಕಾಲ್ ದ್ರವ ಬಣ್ಣವನ್ನು ಕರಗಿಸುತ್ತದೆ.

ದ್ರವವನ್ನು ಗುರುತಿಸುವುದು

ಕಾರಿನ ಕೆಳಗೆ ಕಂಡ ಹನಿಗಳೆಲ್ಲ ಬ್ರೇಕ್ ದ್ರವವಲ್ಲ. ಹೊಸ ಬ್ರೇಕ್ ದ್ರವ ತಿಳಿ ಹಳದಿ, ಹಳೆಯದು ಕಂದು. ಮುಟ್ಟಿದರೆ ತೆಳ್ಳಗೆ ಜಾರುತ್ತದೆ. ಹಿಂದಿನ ಆಕ್ಸಲ್‌ನ ಆಯಿಲ್ ಸೀಲ್ ಹೋದಾಗಲೂ ಚಕ್ರದ ಒಳಬದಿ ನೆನೆಯುತ್ತದೆ, ಆದರೆ ಆ ಗೇರ್ ಆಯಿಲ್ ಮಂದವಾಗಿದ್ದು ಗಂಧಕದ ವಾಸನೆ ಇರುತ್ತದೆ. ಅನುಮಾನವಿದ್ದರೆ ಒಂದೆರಡು ಹನಿಗಳನ್ನು ನೀರಿಗೆ ಹಾಕಿ ನೋಡಬಹುದು: ಗ್ಲೈಕಾಲ್ ಬ್ರೇಕ್ ದ್ರವ ನೀರಿನಲ್ಲಿ ಕರಗುತ್ತದೆ, ಎಣ್ಣೆ ತೇಲುತ್ತದೆ.

ಪತ್ತೆಯ ಕ್ರಮ

ಸುಲಭವಾಗಿ ಕಾಣುವ ಸ್ಥಳದಿಂದ ಆರಂಭಿಸಿ ಬಿಚ್ಚಿ ನೋಡಬೇಕಾದ ಸ್ಥಳದತ್ತ ಸಾಗುವುದು ರೂಢಿಯ ಕ್ರಮ. ಮೊದಲು ದ್ರವದ ಮಟ್ಟವನ್ನು ಗುರುತು ಮಾಡಿ, ಕೊಳವೆ ಮತ್ತು ಜೋಡಣೆಗಳ ಮೇಲಿನ ಧೂಳು, ಕೆಸರನ್ನು ಒರೆಸಿ, ಕಾರಿನ ಕೆಳಗೆ ರಟ್ಟನ್ನು ಹಾಸಿ ಒಂದು ರಾತ್ರಿ ಬಿಡಲಾಗುತ್ತದೆ. ಬೆಳಿಗ್ಗೆ ರಟ್ಟಿನ ಮೇಲೆ ಬಿದ್ದ ಕಲೆ ಸೋರಿಕೆಯ ದಿಕ್ಕನ್ನು ತಿಳಿಸುತ್ತದೆ. ದ್ರವವು ಕೊಳವೆಯ ಗುಂಟ ಹರಿದು ಬೇರೆಡೆ ತೊಟ್ಟಿಕ್ಕುವುದರಿಂದ ಹನಿ ಬಿದ್ದ ಜಾಗವೇ ಸೋರುವ ಜಾಗವಾಗಿರಬೇಕೆಂದಿಲ್ಲ. ಒದ್ದೆಯ ಅತ್ಯಂತ ಮೇಲಿನ ತುದಿಯನ್ನು ಹುಡುಕಬೇಕು.

ನಂತರ ಒಬ್ಬರು ಪೆಡಲನ್ನು ಒತ್ತಿ ಹಿಡಿದಿರುವಾಗ ಇನ್ನೊಬ್ಬರು ದೀಪ ಹಿಡಿದು ಕೆಳಗಿನ ಸ್ಥಳಗಳನ್ನು ಪರೀಕ್ಷಿಸುತ್ತಾರೆ. ಕಾರಿನ ಕೆಳಗೆ ಹೋಗುವ ಮೊದಲು ಗಟ್ಟಿ ಸ್ಟ್ಯಾಂಡುಗಳನ್ನು ಇಡುವುದು ಕಡ್ಡಾಯ. ಜಾಕ್ ಒಂದನ್ನೇ ನಂಬಬಾರದು.

ಮಾಸ್ಟರ್ ಸಿಲಿಂಡರ್: ಹಿಂಬದಿಯ ಕಪ್ ಸವೆದರೆ ದ್ರವವು ರಬ್ಬರ್ ಮುಸುಕಿನೊಳಗೆ ಸೇರಿ, ಪೆಡಲಿನ ದಂಡದ ಮೂಲಕ ಚಾಲಕನ ಪಾದದ ಬಳಿ ಇಳಿಯುತ್ತದೆ. ಮಾರಿಸ್ ಮೈನರ್ ಮತ್ತು ಹಳೆಯ ಜೀಪುಗಳಲ್ಲಿ ಈ ಸಿಲಿಂಡರ್ ಚಾಲಕನ ಕಾಲಿನ ಕೆಳಗೆ, ನೆಲಹಲಗೆಯ ಅಡಿಯಲ್ಲಿ ಇರುವುದರಿಂದ ಬಾನೆಟ್ ತೆರೆದು ನೋಡಿದವರಿಗೆ ಅದು ಕಾಣುವುದಿಲ್ಲ.

ಸ್ಟಾಪ್ ಲೈಟ್ ಸ್ವಿಚ್: ಕೆಲವು ಹಳೆಯ ಕಾರುಗಳಲ್ಲಿ ಹಿಂದಿನ ಕೆಂಪು ದೀಪದ ಸ್ವಿಚ್ ದ್ರವದ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಅದರ ವಿದ್ಯುತ್ ತುದಿಗಳ ನಡುವಿನಿಂದಲೂ ದ್ರವ ಹೊರಬರಬಹುದು.

ಉಕ್ಕಿನ ಕೊಳವೆಗಳು: ಕ್ಲಿಪ್ಪುಗಳ ಕೆಳಗೆ ಕೆಸರು ನಿಂತು ತುಕ್ಕು ಹಿಡಿಯುತ್ತದೆ. ಹಿಂದಿನ ಆಕ್ಸಲ್ ಮೇಲೆ ಹಾಯುವ ಕೊಳವೆಯನ್ನು ವಿಶೇಷವಾಗಿ ಗಮನಿಸಬೇಕು.

ರಬ್ಬರ್ ಹೋಸ್‌ಗಳು: ಬಿರುಕು, ಉಬ್ಬು, ಟೈರಿಗೆ ತಾಗಿ ಸವೆದ ಗುರುತುಗಳಿದ್ದರೆ ಬದಲಿಸಬೇಕು. ಮುಂದಿನ ಚಕ್ರಗಳನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಲಾಗುತ್ತದೆ.

ವೀಲ್ ಸಿಲಿಂಡರ್‌ಗಳು: ಟೈರಿನ ಒಳಗೋಡೆಯ ಮೇಲೆ ಒದ್ದೆಯ ಗೆರೆಗಳಿದ್ದರೆ ಡ್ರಮ್ ಬಿಚ್ಚಬೇಕು. ಹ್ಯಾಂಡ್ ಬ್ರೇಕ್ ಬಿಟ್ಟು, ಶೂಗಳ ಹೊಂದಾಣಿಕೆಯನ್ನು ಸಡಿಲಿಸಿದರೆ ಡ್ರಮ್ ಹೊರಬರುತ್ತದೆ. ಡ್ರಮ್ ತೆಗೆದ ಮೇಲೆ ಪೆಡಲ್ ತುಳಿಯಬಾರದು, ಪಿಸ್ಟನ್ ಹೊರಚಿಮ್ಮುತ್ತದೆ. ಸಿಲಿಂಡರ್‌ನ ತುದಿಯ ಧೂಳುಮುಸುಕನ್ನು ಮೆಲ್ಲಗೆ ಎತ್ತಿ ನೋಡಿದಾಗ ಒಳಗೆ ದ್ರವ ನಿಂತಿದ್ದರೆ ಕಪ್ ಸೋರುತ್ತಿದೆ ಎಂದರ್ಥ. ಮುಂದಿನ ಪ್ರತಿ ಚಕ್ರಕ್ಕೆ ಎರಡು ಸಿಲಿಂಡರ್‌ಗಳಿರುವ ಕಾರುಗಳಲ್ಲಿ ಎರಡನ್ನೂ ನೋಡಬೇಕು.

ಹೊರಗೆ ಕಾಣದ ಸೋರಿಕೆ

ಎಲ್ಲ ಜೋಡಣೆಗಳೂ ಒಣಗಿದ್ದು ದೋಷ ಮಾತ್ರ ಉಳಿದರೆ ಎರಡು ಸಾಧ್ಯತೆಗಳಿವೆ. ಮೊದಲನೆಯದು ಮಾಸ್ಟರ್ ಸಿಲಿಂಡರ್‌ನ ಒಳಜಾರಿಕೆ. ದ್ರವವು ಸವೆದ ಕಪ್ಪಿನ ಪಕ್ಕದಿಂದ ಮರಳಿ ಡಬ್ಬಿಗೇ ಹೋಗುವುದರಿಂದ ಮಟ್ಟ ಇಳಿಯುವುದಿಲ್ಲ, ಪೆಡಲ್ ಮಾತ್ರ ಇಳಿಯುತ್ತದೆ. ಮಾಸ್ಟರ್ ಸಿಲಿಂಡರ್‌ನಿಂದ ಹೊರಡುವ ಕೊಳವೆಯನ್ನು ಬಿಚ್ಚಿ, ಆ ರಂಧ್ರವನ್ನು ಸರಿಯಾದ ಅಳತೆಯ ಪ್ಲಗ್‌ನಿಂದ ಮುಚ್ಚಿ, ಗಾಳಿ ತೆಗೆದು ಪೆಡಲ್ ತುಳಿದಾಗ ಅದು ಕಲ್ಲಿನಂತೆ ನಿಂತರೆ ಮಾಸ್ಟರ್ ಸಿಲಿಂಡರ್ ಸರಿಯಿದೆ; ಆಗಲೂ ಇಳಿದರೆ ದೋಷ ಅದರಲ್ಲೇ ಇದೆ. ಹೋಸ್‌ಗಳನ್ನು ಕ್ಲ್ಯಾಂಪ್‌ನಿಂದ ಒತ್ತಿ ಪರೀಕ್ಷಿಸುವ ಪದ್ಧತಿಯೂ ಇದೆ, ಆದರೆ ಹಳೆಯ ಹೋಸ್‌ನ ಒಳಪದರ ಅದರಿಂದ ಹರಿಯುವ ಸಂಭವವಿದೆ.

ಎರಡನೆಯದು ನಿರ್ವಾತ ಬೂಸ್ಟರ್ ಇರುವ ಕಾರುಗಳಿಗೆ ಸಂಬಂಧಿಸಿದ್ದು. ಇಲ್ಲಿ ಸೋರಿದ ದ್ರವವನ್ನು ಎಂಜಿನ್ ಹೀರಿ ಸುಟ್ಟುಬಿಡುತ್ತದೆ. ನೆಲದ ಮೇಲೆ ಒಂದು ಹನಿಯೂ ಬೀಳದೆ ಮಟ್ಟ ಇಳಿಯುವುದು ಮತ್ತು ಸೈಲೆನ್ಸರಿನಿಂದ ಬಿಳಿ ಹೊಗೆ ಬರುವುದು ಇದರ ಗುರುತು. ಬೂಸ್ಟರಿನ ನಿರ್ವಾತ ಕೊಳವೆಯನ್ನು ತೆಗೆದಾಗ ಒಳಗೆ ಒದ್ದೆಯಿದ್ದರೆ ಅನುಮಾನ ಬಲವಾಗುತ್ತದೆ.

ವಿಜಯಪುರ ಭಾಗದ ಸನ್ನಿವೇಶ

ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದಲ್ಲಿ ಬೇಸಿಗೆಯ ಉಷ್ಣತೆ 40 ಡಿಗ್ರಿ ದಾಟುತ್ತದೆ. ಶಾಖಕ್ಕೆ ರಬ್ಬರ್ ಬೇಗ ಗಟ್ಟಿಯಾಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು ಚಕ್ರದ ಒಳಬದಿಗೆ ಮೆತ್ತಿಕೊಂಡು ಒಣಗುತ್ತದೆ. ಸೋರಿದ ದ್ರವವನ್ನು ಆ ಮಣ್ಣೇ ಹೀರುವುದರಿಂದ ನೆಲದ ಮೇಲೆ ಕಲೆ ಬೀಳದಿರಬಹುದು. ಹೊಲದ ಮನೆಯ ಮುಂದಿನ ಮಣ್ಣಿನ ಅಂಗಳದಲ್ಲಿಯೂ ಹನಿ ಬಿದ್ದಲ್ಲೇ ಇಂಗಿಹೋಗುತ್ತದೆ. ಆದ್ದರಿಂದ ಇಲ್ಲಿ ಮೊದಲು ತೊಳೆದು, ನಂತರ ರಟ್ಟು ಹಾಸಿ ನೋಡುವ ಕ್ರಮಕ್ಕೆ ಹೆಚ್ಚಿನ ಮಹತ್ವವಿದೆ.

ಈ ಪ್ರದೇಶ ಬಹುತೇಕ ಬಯಲು. ಘಟ್ಟದ ಇಳಿಜಾರಿನಲ್ಲಿ ಬ್ರೇಕಿನ ದೋಷ ಬೇಗ ತಿಳಿಯುತ್ತದೆ. ಸಮತಟ್ಟಾದ ನೇರ ರಸ್ತೆಯಲ್ಲಿ ಮೈಲಿಗಟ್ಟಲೆ ಪೆಡಲನ್ನು ಗಟ್ಟಿಯಾಗಿ ತುಳಿಯುವ ಪ್ರಸಂಗವೇ ಬರದಿರಬಹುದು. ಎಮ್ಮೆಯೋ ಕಬ್ಬು ಹೇರಿದ ಟ್ರ್ಯಾಕ್ಟರೋ ಅಡ್ಡ ಬಂದಾಗಲೇ ದೋಷ ಮೊದಲ ಬಾರಿಗೆ ಬೆಳಕಿಗೆ ಬರುತ್ತದೆ. ಘೋಣಸಗಿಯಂತಹ ಹಳ್ಳಿಯಿಂದ ನಗರದ ಗ್ಯಾರೇಜಿಗೆ ಹೊರಡುವ ಮುನ್ನ ನಿಂತಲ್ಲೇ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿದು ನೋಡುವುದು ಉಪಯುಕ್ತ. ಪೆಡಲ್ ಇಳಿದರೆ ಕಾರನ್ನು ಓಡಿಸದೆ ಮೆಕ್ಯಾನಿಕ್‌ನನ್ನು ಕರೆಸಬೇಕು ಅಥವಾ ಕಾರನ್ನು ಬೇರೆ ವಾಹನದ ಮೇಲೆ ಹೇರಿ ಸಾಗಿಸಬೇಕು. ಬ್ರೇಕಿಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆಯುವುದೂ ಅಪಾಯಕರ.

ದುರಸ್ತಿ

ಒಳಗೋಡೆ ನುಣುಪಾಗಿದ್ದರೆ ಕಪ್ಪುಗಳನ್ನು ಮಾತ್ರ ಬದಲಿಸಿದರೆ ಸಾಕು. ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಬೇಕು ಅಥವಾ ಹೊಸ ಒಳಕವಚ ಹಾಕಿಸಬೇಕು. ಅದರಲ್ಲಿ ಹಾಕಿದ ಹೊಸ ಕಪ್ ಹೆಚ್ಚು ಕಾಲ ಬಾಳದು. ರಬ್ಬರ್ ಭಾಗಗಳನ್ನು ಪೆಟ್ರೋಲ್ ಅಥವಾ ಡೀಸೆಲ್‌ನಲ್ಲಿ ತೊಳೆಯಬಾರದು. ಸ್ವಚ್ಛ ಬ್ರೇಕ್ ದ್ರವವೇ ಸೂಕ್ತ. ದ್ರವದಲ್ಲಿ ನೆನೆದ ಲೈನಿಂಗನ್ನು ಪೆಟ್ರೋಲ್ ಹಾಕಿ ಸುಟ್ಟು ಮತ್ತೆ ಬಳಸುವುದು ಸರಿಯಲ್ಲ, ಒಂದೇ ಆಕ್ಸಲ್‌ನ ಎರಡೂ ಚಕ್ರಗಳಿಗೆ ಹೊಸ ಲೈನಿಂಗ್ ಹಾಕಬೇಕು. ಹಳೆಯ ಲೈನಿಂಗ್‌ಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಲಬದಿಯ ಚಾಲಕ ಸ್ಥಾನವಿರುವ ಕಾರಿನಲ್ಲಿ ಗಾಳಿ ತೆಗೆಯುವ ಸಾಮಾನ್ಯ ಕ್ರಮ ಎಡ ಹಿಂದಿನ ಚಕ್ರ, ಬಲ ಹಿಂದಿನದು, ಎಡ ಮುಂದಿನದು, ಕೊನೆಗೆ ಬಲ ಮುಂದಿನದು. ನಡುವೆ ಡಬ್ಬಿ ಬರಿದಾಗದಂತೆ ನೋಡಿಕೊಳ್ಳಬೇಕು. ಹೊರಬಂದ ದ್ರವವನ್ನು ಮತ್ತೆ ಸುರಿಯಬಾರದು. ಕೆಲಸ ಮುಗಿದ ಮೇಲೆ ಪೆಡಲನ್ನು ಒತ್ತಿ ಹಿಡಿದು ಜೋಡಣೆಗಳನ್ನು ಮತ್ತೊಮ್ಮೆ ನೋಡಿ, ಖಾಲಿ ಜಾಗದಲ್ಲಿ ನಿಧಾನವಾಗಿ ಓಡಿಸಿ ಪರೀಕ್ಷಿಸಲಾಗುತ್ತದೆ. ಬಣ್ಣದ ಮೇಲೆ ಬಿದ್ದ ದ್ರವವನ್ನು ಕೂಡಲೇ ನೀರಿನಿಂದ ತೊಳೆಯಬೇಕು. ಎರಡು ವರ್ಷಗಳಿಗೊಮ್ಮೆ ದ್ರವವನ್ನು ಪೂರ್ತಿ ಬದಲಿಸುವುದು ಸಾಮಾನ್ಯ ಸಲಹೆ. ನಿಂತಿರುವ ಕಾರಿಗೂ ಇದು ಅನ್ವಯಿಸುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆ, 1988ರ 190ನೇ ಕಲಮಿನ ಪ್ರಕಾರ ಅಪಾಯಕರ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವುದು ಅಪರಾಧ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರವು 50 ವರ್ಷ ಮೀರಿದ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮಗಳನ್ನು ತಂದಿತು. ಹೀಗೆ ನೋಂದಾಯಿಸಿದ ವಾಹನಗಳನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ.

ಇವನ್ನೂ ನೋಡಿ

* ಡ್ರಮ್ ಬ್ರೇಕ್
* ಪ್ಯಾಸ್ಕಲನ ನಿಯಮ
* ಹಿಂದೂಸ್ತಾನ್ ಅಂಬಾಸಿಡರ್
* ಪ್ರೀಮಿಯರ್ ಪದ್ಮಿನಿ