ಓವರ್‌ಕ್ಲಾಕಿಂಗ್ ಅಸ್ಥಿರತೆ

ಓವರ್‌ಕ್ಲಾಕಿಂಗ್ ಅಸ್ಥಿರತೆ ಎಂಬುದು ಗಣಕಯಂತ್ರದ ಪ್ರೊಸೆಸರನ್ನು ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ನಡೆಸಿದಾಗ ಕಾಣಿಸಿಕೊಳ್ಳುವ ದೋಷಸ್ಥಿತಿ. ಇದರಿಂದ ಗಣಕವು ನೀಲಿ ಪರದೆ ತೋರಿಸಿ ನಿಲ್ಲುವುದು, ತಾನಾಗಿಯೇ ಮರುಪ್ರಾರಂಭವಾಗುವುದು, ತಂತ್ರಾಂಶಗಳು ಕಾರಣವಿಲ್ಲದೆ ಮುಚ್ಚಿಕೊಳ್ಳುವುದು ಮೊದಲಾದ ತೊಂದರೆಗಳು ಉಂಟಾಗುತ್ತವೆ. ಇವು ಕಣ್ಣಿಗೆ ಕಾಣುವ ತೊಂದರೆಗಳು. ಲೆಕ್ಕವೊಂದು ತಪ್ಪಾಗಿ, ಆ ತಪ್ಪು ಯಾರ ಗಮನಕ್ಕೂ ಬಾರದೆ ಕಡತದಲ್ಲಿ ಉಳಿದುಕೊಳ್ಳುವುದು ಇದರ ಇನ್ನೊಂದು ರೂಪ. ಹಾನಿಯ ದೃಷ್ಟಿಯಿಂದ ಇದೇ ಹೆಚ್ಚು ಗಂಭೀರವಾದುದು. ಬಿಡಿಭಾಗಗಳನ್ನು ಕೊಂಡು ಮನೆಯಲ್ಲಿಯೇ ಜೋಡಿಸಿದ ಗಣಕಗಳಲ್ಲಿ ಈ ಸಮಸ್ಯೆ ಸಾಮಾನ್ಯ. ಅಲ್ಲಿ ವೇಗ, ವೋಲ್ಟೇಜ್ ಮತ್ತು ತಂಪುಗೊಳಿಸುವ ವ್ಯವಸ್ಥೆ ಈ ಮೂರನ್ನೂ ಬಳಕೆದಾರರೇ ಆಯ್ದುಕೊಂಡಿರುತ್ತಾರೆ.

ಹಿನ್ನೆಲೆ

ಪ್ರೊಸೆಸರಿನ ವೇಗವು ಎರಡು ಸಂಖ್ಯೆಗಳ ಗುಣಲಬ್ಧ. ಒಂದು, ಮದರ್‌ಬೋರ್ಡ್ ಒದಗಿಸುವ ಮೂಲ ಆವರ್ತನ. ಇನ್ನೊಂದು, ಪ್ರೊಸೆಸರಿನೊಳಗಿನ ಗುಣಕ. 1998ರಲ್ಲಿ ಬಿಡುಗಡೆಯಾದ ಇಂಟೆಲ್ ಸೆಲೆರಾನ್ 300ಎ ಎಂಬ ಅಗ್ಗದ ಪ್ರೊಸೆಸರ್ 66 ಮೆಗಾಹರ್ಟ್ಸ್ ಮೂಲ ಆವರ್ತನ ಮತ್ತು 4.5ರ ಗುಣಕದಿಂದ 300 ಮೆಗಾಹರ್ಟ್ಸ್ ವೇಗದಲ್ಲಿ ಕೆಲಸ ಮಾಡುತ್ತಿತ್ತು. ಮೂಲ ಆವರ್ತನವನ್ನು 100 ಮೆಗಾಹರ್ಟ್ಸ್‌ಗೆ ಏರಿಸಿದರೆ ಅದೇ ಚಿಪ್ 450 ಮೆಗಾಹರ್ಟ್ಸ್ ಮುಟ್ಟುತ್ತಿತ್ತು. ಹವ್ಯಾಸಿಗಳ ನಡುವೆ ಓವರ್‌ಕ್ಲಾಕಿಂಗ್ ಜನಪ್ರಿಯವಾಗಲು ಈ ಚಿಪ್ ಬಹುಮಟ್ಟಿಗೆ ಕಾರಣವಾಯಿತು.

2011ರ ಆರಂಭದಲ್ಲಿ ಬಂದ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯಲ್ಲಿ ಇಂಟೆಲ್ ಸಂಸ್ಥೆಯು ಮೂಲ ಆವರ್ತನವನ್ನು 100 ಮೆಗಾಹರ್ಟ್ಸ್‌ಗೆ ನಿಗದಿಗೊಳಿಸಿ, ವ್ಯವಸ್ಥೆಯ ಇತರ ಸಂಪರ್ಕಗಳನ್ನೂ ಅದಕ್ಕೇ ಬಿಗಿದಿತು. ಅಂದಿನಿಂದ ಗುಣಕ ಮುಕ್ತವಾಗಿರುವ 'ಕೆ' ಸರಣಿಯ ಚಿಪ್‌ಗಳಲ್ಲಿ ಗುಣಕವನ್ನು ಏರಿಸುವುದೇ ರೂಢಿಯ ವಿಧಾನವಾಯಿತು. ಈ ಪೀಳಿಗೆಯ ಕೋರ್ ಐ5-2500ಕೆ, 3.3 ಗಿಗಾಹರ್ಟ್ಸ್ ಮೂಲವೇಗ ಹಾಗೂ 3.7 ಗಿಗಾಹರ್ಟ್ಸ್ ಗರಿಷ್ಠ ಟರ್ಬೊ ವೇಗದ್ದಾಗಿದ್ದು, ಗುಣಕವನ್ನು 45ಕ್ಕೆ ಏರಿಸಿ 4.5 ಗಿಗಾಹರ್ಟ್ಸ್‌ನಲ್ಲಿ ನಡೆಸುವುದು ವ್ಯಾಪಕವಾಗಿತ್ತು. ಮುಂದಿನ ವಿವರಣೆಯಲ್ಲಿ ಇದನ್ನೇ ಉದಾಹರಣೆಯಾಗಿ ಬಳಸಲಾಗಿದೆ.

ಕಾರಣಗಳು

ಪ್ರೊಸೆಸರಿನೊಳಗೆ ಪ್ರತಿಯೊಂದು ಗಡಿಯಾರ ಬಡಿತದ ನಡುವಣ ಅವಧಿಯಲ್ಲಿ ಸಂಕೇತಗಳು ಹಲವು ಟ್ರಾನ್ಸಿಸ್ಟರ್‌ಗಳನ್ನು ದಾಟಿ ತಮ್ಮ ಗುರಿಯನ್ನು ತಲುಪಬೇಕು. 3.3 ಗಿಗಾಹರ್ಟ್ಸ್ ವೇಗದಲ್ಲಿ ಈ ಅವಧಿ ಸುಮಾರು 0.30 ನ್ಯಾನೋಸೆಕೆಂಡ್, 4.5 ಗಿಗಾಹರ್ಟ್ಸ್‌ನಲ್ಲಿ ಸುಮಾರು 0.22 ನ್ಯಾನೋಸೆಕೆಂಡ್. ಅತ್ಯಂತ ಉದ್ದನೆಯ ದಾರಿಯಲ್ಲಿ ಸಾಗುವ ಸಂಕೇತವು ಮುಂದಿನ ಬಡಿತದೊಳಗೆ ತಲುಪದಿದ್ದರೆ, ಅಲ್ಲಿ ಹಳೆಯ ಅಥವಾ ಅರೆಬರೆ ಮೌಲ್ಯವೇ ದಾಖಲಾಗುತ್ತದೆ. ಎಲ್ಲ ಸೂಚನೆಗಳೂ ಆ ದಾರಿಯನ್ನು ಬಳಸುವುದಿಲ್ಲವಾದ್ದರಿಂದ ಗಣಕವು ಗಂಟೆಗಟ್ಟಲೆ ಸರಿಯಾಗಿ ನಡೆದು, ಯಾವುದೋ ಒಂದು ಕೆಲಸದಲ್ಲಿ ಮಾತ್ರ ಎಡವಬಹುದು.

ವೋಲ್ಟೇಜ್ ಹೆಚ್ಚಿಸಿದರೆ ಟ್ರಾನ್ಸಿಸ್ಟರ್‌ಗಳು ವೇಗವಾಗಿ ಸ್ಥಿತಿ ಬದಲಿಸುತ್ತವೆ; ಆದರೆ ಶಾಖವೂ ಹೆಚ್ಚುತ್ತದೆ. ಚಿಪ್ ಬಳಸುವ ಚಲನಶೀಲ ವಿದ್ಯುತ್ ಶಕ್ತಿಯು ಆವರ್ತನಕ್ಕೆ ನೇರ ಅನುಪಾತದಲ್ಲಿಯೂ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿಯೂ ಏರುತ್ತದೆ. 3.7 ಗಿಗಾಹರ್ಟ್ಸ್ ಮತ್ತು 1.20 ವೋಲ್ಟ್‌ನಲ್ಲಿದ್ದ ಚಿಪ್ಪನ್ನು 4.5 ಗಿಗಾಹರ್ಟ್ಸ್ ಮತ್ತು 1.35 ವೋಲ್ಟ್‌ಗೆ ಒಯ್ದರೆ ವೇಗ ಶೇಕಡಾ 22ರಷ್ಟು ಹೆಚ್ಚುತ್ತದೆ, ಶಕ್ತಿಯ ಬಳಕೆ ಶೇಕಡಾ 54ರಷ್ಟು ಹೆಚ್ಚುತ್ತದೆ. ಬಿಸಿಯಾದ ಚಿಪ್ಪಿನಲ್ಲಿ ವಿದ್ಯುತ್ ಸೋರಿಕೆ ಅಧಿಕವಾಗಿ, ಅದೇ ವೇಗಕ್ಕೆ ಇನ್ನಷ್ಟು ವೋಲ್ಟೇಜ್ ಬೇಕಾಗುತ್ತದೆ. ಹೀಗೆ ಪರಿಹಾರವೇ ಸಮಸ್ಯೆಯನ್ನು ಬೆಳೆಸುವ ಹಂತವೊಂದು ಬರುತ್ತದೆ. ಆ ಹಂತವನ್ನು ಗುರುತಿಸದೆ ವೋಲ್ಟೇಜ್ ಏರಿಸುತ್ತಲೇ ಹೋಗುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಮೂರನೆಯ ಕಾರಣ ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ಬಯೋಸ್‌ನಲ್ಲಿ ನಮೂದಿಸಿದ ವೋಲ್ಟೇಜ್ ಚಿಪ್ಪಿಗೆ ಹಾಗೆಯೇ ತಲುಪುವುದಿಲ್ಲ. ಕೆಲಸದ ಹೊರೆ ಹೆಚ್ಚಿದಾಗ ವಿದ್ಯುತ್ ಪ್ರವಾಹ ಏರಿ, ವೋಲ್ಟೇಜ್ ಕುಸಿಯುತ್ತದೆ. 1.35 ವೋಲ್ಟ್ ಎಂದು ನಿಗದಿಪಡಿಸಿದ್ದರೂ ಪೂರ್ಣ ಹೊರೆಯಲ್ಲಿ 1.28 ವೋಲ್ಟ್ ಮಾತ್ರ ಉಳಿದಿರಬಹುದು. ಈ ಕುಸಿತವನ್ನು ಸರಿದೂಗಿಸಲು ಮದರ್‌ಬೋರ್ಡ್‌ಗಳಲ್ಲಿ 'ಲೋಡ್ ಲೈನ್ ಕ್ಯಾಲಿಬ್ರೇಷನ್' ಎಂಬ ಆಯ್ಕೆ ಇರುತ್ತದೆ. ಅದನ್ನು ಅತ್ಯಧಿಕ ಮಟ್ಟದಲ್ಲಿಟ್ಟರೆ ಹೊರೆ ಒಮ್ಮೆಲೇ ಇಳಿದಾಗ ವೋಲ್ಟೇಜ್ ಕ್ಷಣಕಾಲ ನಿಗದಿಗಿಂತ ಮೇಲಕ್ಕೆ ಚಿಮ್ಮುತ್ತದೆ. ಕುಸಿತವು ವಾಸ್ತವವಾಗಿ ವಿನ್ಯಾಸಕಾರರು ಈ ಚಿಮ್ಮುವಿಕೆಯನ್ನು ತಡೆಯಲೆಂದೇ ಇರಿಸಿದ್ದು. ಆದ್ದರಿಂದ ಮಧ್ಯಮ ಮಟ್ಟವೇ ಉಚಿತ.

ಲಕ್ಷಣಗಳು

ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯಲ್ಲಿ ನೀಲಿ ಪರದೆಯ ಮೇಲೆ ಕಾಣುವ ನಿಲುಗಡೆ ಸಂಕೇತ ಮೊದಲ ಸುಳಿವು. 124 ಎಂಬ ಸಂಕೇತವು ಯಂತ್ರಾಂಶವು ತಾನೇ ವರದಿ ಮಾಡಿದ, ಸರಿಪಡಿಸಲಾಗದ ದೋಷವನ್ನು ಸೂಚಿಸುತ್ತದೆ. 101 ಎಂಬುದು ಪ್ರೊಸೆಸರಿನ ಒಂದು ಕೋರ್ ನಿಗದಿತ ಸಮಯದಲ್ಲಿ ಉತ್ತರಿಸಲಿಲ್ಲ ಎಂಬುದನ್ನು ತಿಳಿಸುತ್ತದೆ. ಈ ಎರಡೂ ಓವರ್‌ಕ್ಲಾಕ್ ಮಾಡಿದ ಗಣಕದಲ್ಲಿ ಕಂಡುಬಂದರೆ ಕೋರ್ ವೋಲ್ಟೇಜ್ ಸಾಲದಾಗಿರುವ ಸಂಭವ ಹೆಚ್ಚು. 1ಎ ಮತ್ತು 50 ಎಂಬ ಸಂಕೇತಗಳು ಮೆಮೊರಿಯತ್ತ ಬೆರಳು ತೋರಿಸುತ್ತವೆ, ಆದರೆ ದೋಷಯುಕ್ತ ಚಾಲಕ ತಂತ್ರಾಂಶದಿಂದಲೂ ಇವು ಬರಬಹುದು. ಯಾವ ಸಂಕೇತಕ್ಕೆ ಯಾವ ವೋಲ್ಟೇಜ್ ಏರಿಸಬೇಕೆಂಬ ಪಟ್ಟಿಗಳು ಹವ್ಯಾಸಿಗಳಲ್ಲಿ ಪ್ರಚಲಿತವಾಗಿವೆ. ಅವು ಆಯಾ ಪೀಳಿಗೆಯ ಚಿಪ್‌ಗಳಿಗಷ್ಟೇ ಅನ್ವಯಿಸುವುದರಿಂದ ಇಂದಿನ ಗಣಕಗಳಿಗೆ ಅವುಗಳನ್ನು ಯಥಾವತ್ತಾಗಿ ಬಳಸುವುದು ಸರಿಯಲ್ಲ.

ಪರದೆ ಕಾಣಿಸದೆ ಗಣಕ ನೇರವಾಗಿ ಮರುಪ್ರಾರಂಭವಾದರೆ, ವಿಂಡೋಸ್‌ನ ಘಟನಾ ದಾಖಲೆಯಲ್ಲಿ ಕರ್ನಲ್-ಪವರ್ 41 ಎಂಬ ನಮೂದು ಸಿಗುತ್ತದೆ. ಗಣಕವು ಸರಿಯಾಗಿ ಮುಚ್ಚಲ್ಪಡಲಿಲ್ಲ ಎಂಬುದಷ್ಟೇ ಅದರ ಅರ್ಥ. ಅದನ್ನೇ ಕಾರಣವೆಂದು ತಿಳಿಯಬಾರದು. ಅದೇ ದಾಖಲೆಯಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಬರೆಯುವ ನಮೂದುಗಳು ಹೆಚ್ಚು ಉಪಯುಕ್ತ. ಇವುಗಳಲ್ಲಿ 18 ಮಾರಕ ದೋಷವನ್ನೂ 19 ಸರಿಪಡಿಸಲಾದ ದೋಷವನ್ನೂ ಸೂಚಿಸುತ್ತವೆ, ಮತ್ತು ಯಾವ ಕೋರ್‌ನಲ್ಲಿ ದೋಷ ಸಂಭವಿಸಿತೆಂಬುದನ್ನು ತಿಳಿಯಲು ನೆರವಾಗುತ್ತವೆ. 19ರ ನಮೂದುಗಳು ಸಾಲುಸಾಲಾಗಿ ಬಂದಿದ್ದರೆ, ಗಣಕವು ಒಮ್ಮೆಯೂ ನಿಂತಿರದಿದ್ದರೂ, ಅದನ್ನು ಸ್ಥಿರವೆನ್ನಲಾಗದು. ಲಿನಕ್ಸ್‌ನಲ್ಲಿ ಇಂಥ ದೋಷಗಳು ಕರ್ನಲ್‌ನ ಸಂದೇಶಗಳಲ್ಲಿ ದಾಖಲಾಗುತ್ತವೆ.

ದೋಷನಿವಾರಣೆ

ಮೊದಲ ಹೆಜ್ಜೆ ಓವರ್‌ಕ್ಲಾಕನ್ನು ಸಂಪೂರ್ಣವಾಗಿ ತೆಗೆದುಹಾಕುವುದು. ಬಯೋಸ್‌ನ ಮೂಲ ಸಂಯೋಜನೆಗೆ ಮರಳಿ, ಮೆಮೊರಿಯನ್ನೂ ಅದರ ಸಾಧಾರಣ ವೇಗಕ್ಕೆ ಇಳಿಸಿ, ಅದೇ ಪರೀಕ್ಷೆಯನ್ನು ನಡೆಸಬೇಕು. ಆಗಲೂ ಗಣಕ ಕುಸಿದರೆ ದೋಷ ಬೇರೆಡೆ ಇದೆ ಎಂದರ್ಥ; ವೋಲ್ಟೇಜನ್ನು ಎಷ್ಟು ತಿದ್ದಿದರೂ ಪ್ರಯೋಜನವಿಲ್ಲ. ಗಣಕ ಪ್ರಾರಂಭವೇ ಆಗದಿದ್ದಲ್ಲಿ ವಿದ್ಯುತ್ ಸಂಪರ್ಕ ತಪ್ಪಿಸಿ, ಮದರ್‌ಬೋರ್ಡಿನ ಸಿಮಾಸ್ ಅಳಿಸುವ ಜಂಪರನ್ನು ಬಳಸಬೇಕು ಅಥವಾ ನಾಣ್ಯಾಕಾರದ ಬ್ಯಾಟರಿಯನ್ನು ಕೆಲವು ನಿಮಿಷ ಹೊರತೆಗೆದಿಡಬೇಕು. ಕಡತಗಳ ಪ್ರತಿಯನ್ನು ಬೇರೊಂದು ಡಿಸ್ಕ್‌ನಲ್ಲಿ ಇರಿಸಿಕೊಳ್ಳುವುದೂ ಈ ಹಂತದ ಕೆಲಸವೇ.

ಅನಂತರ ಒಂದು ಬಾರಿಗೆ ಒಂದೇ ಮೌಲ್ಯವನ್ನು ಬದಲಿಸಿ, ಪ್ರತಿ ಬದಲಾವಣೆಯನ್ನೂ ಬರೆದಿಟ್ಟುಕೊಳ್ಳಬೇಕು. 4.5 ಗಿಗಾಹರ್ಟ್ಸ್‌ನಲ್ಲಿ ಅಸ್ಥಿರವಾಗಿರುವ 2500ಕೆ ಚಿಪ್ಪನ್ನು ಪರಿಗಣಿಸಿದರೆ, ಗುಣಕವನ್ನು 43ಕ್ಕೆ ಇಳಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟು ಪರೀಕ್ಷಿಸುವುದು ಉತ್ತಮ ಆರಂಭ. ಅದರಿಂದ ಸ್ಥಿರತೆ ಮರಳಿದರೆ ಸಮಸ್ಯೆಯು ಕೋರ್ ವೇಗ ಮತ್ತು ವೋಲ್ಟೇಜಿನದೇ ಎಂಬುದು ಖಚಿತ. ಬಳಿಕ ಗುಣಕವನ್ನು ಒಂದೊಂದಾಗಿ ಏರಿಸುತ್ತ, ವಿಫಲವಾದಲ್ಲಿ ವೋಲ್ಟೇಜನ್ನು 0.01 ವೋಲ್ಟ್‌ನಷ್ಟು ಸಣ್ಣ ಹೆಜ್ಜೆಗಳಲ್ಲಿ ಹೆಚ್ಚಿಸಬೇಕು. ತಾಪಮಾನವನ್ನೂ ಹೊರೆಯಲ್ಲಿನ ನಿಜವಾದ ವೋಲ್ಟೇಜನ್ನೂ ಎಚ್‌ಡಬ್ಲ್ಯುಇನ್ಫೊದಂತಹ ತಂತ್ರಾಂಶದಿಂದ ಗಮನಿಸುತ್ತಿರಬೇಕು. ಚಿಪ್ ತನ್ನ ಉಷ್ಣಮಿತಿಯನ್ನು ಮುಟ್ಟಿದಾಗ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಇಂಟೆಲ್ ಚಿಪ್‌ಗಳಲ್ಲಿ ಈ ಮಿತಿ ಸಾಮಾನ್ಯವಾಗಿ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಹೀಗೆ ವೇಗ ತಗ್ಗಿಸಿಕೊಂಡು ಉತ್ತೀರ್ಣವಾದ ಪರೀಕ್ಷೆಗೆ ಬೆಲೆಯಿಲ್ಲ. ಬೆಲೆಯಿರುವುದು ನಿಗದಿತ ವೇಗದಲ್ಲಿಯೇ ಕೊನೆಯವರೆಗೆ ನಡೆದ ಪರೀಕ್ಷೆಗೆ.

ಕೋಣೆಯ ಉಷ್ಣತೆ ಎಷ್ಟು ಡಿಗ್ರಿ ಏರುತ್ತದೆಯೋ ಚಿಪ್ಪಿನ ಉಷ್ಣತೆಯೂ ಸುಮಾರಾಗಿ ಅಷ್ಟೇ ಏರುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಕಲಬುರಗಿ, ರಾಯಚೂರಿನಂತಹ ಊರುಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಸ್ಥಿರವಾಗಿದ್ದ ಸಂಯೋಜನೆ ಏಪ್ರಿಲ್‌ನಲ್ಲಿ ಕೈಕೊಡುವುದು ಇದೇ ಕಾರಣದಿಂದ.

ಒತ್ತಡ ಪರೀಕ್ಷೆಗಳು

ಪ್ರೈಮ್95 ಈ ಕ್ಷೇತ್ರದ ಅತ್ಯಂತ ಪರಿಚಿತ ಪರೀಕ್ಷಾ ತಂತ್ರಾಂಶ. ಜಾರ್ಜ್ ವೋಲ್ಟ್‌ಮನ್ 1996ರಲ್ಲಿ ಆರಂಭಿಸಿದ, ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಯೋಜನೆಗಾಗಿ ಇದು ರಚಿತವಾಯಿತು. ವಾರಗಟ್ಟಲೆ ನಡೆಯುವ ಲೆಕ್ಕದಲ್ಲಿ ಒಂದೇ ಒಂದು ಅಂಕಿ ತಪ್ಪಿದರೂ ಫಲಿತಾಂಶ ವ್ಯರ್ಥವಾಗುವುದರಿಂದ, ತಪ್ಪು ಹಿಡಿಯುವ ವ್ಯವಸ್ಥೆಯನ್ನು ಅದರಲ್ಲಿಯೇ ಅಳವಡಿಸಲಾಗಿತ್ತು. ಅದು ನಡೆಸುವ ಗುಣಾಕಾರಗಳ ಫಲ ಪೂರ್ಣಾಂಕಕ್ಕೆ ಬಹಳ ಹತ್ತಿರವಿರಬೇಕು. ವ್ಯತ್ಯಾಸ 0.4ನ್ನು ಮೀರಿದರೆ ಲೆಕ್ಕ ಕೆಟ್ಟಿದೆಯೆಂದು ತಿಳಿದು ಆ ಕೋರ್‌ನ ಪರೀಕ್ಷೆಯನ್ನು ನಿಲ್ಲಿಸಲಾಗುತ್ತದೆ. ಗಣಕವು ಕುಸಿಯುವ ಮೊದಲೇ ದೋಷವನ್ನು ತೋರಿಸಿಕೊಡುವುದು ಇದರ ವೈಶಿಷ್ಟ್ಯ. ಚಿಕ್ಕ ಗಾತ್ರದ ಲೆಕ್ಕಗಳು ಕೋರ್ ಮತ್ತು ಕ್ಯಾಶೆಯನ್ನು ಅತಿಯಾಗಿ ಬಿಸಿಮಾಡುತ್ತವೆ. ದೊಡ್ಡ ಗಾತ್ರದವು ಮೆಮೊರಿ ಮತ್ತು ಅದರ ನಿಯಂತ್ರಕವನ್ನು ಪರೀಕ್ಷಿಸುತ್ತವೆ. ಮೊದಲನೆಯದು ಉತ್ತೀರ್ಣವಾಗಿ ಎರಡನೆಯದು ಕೆಲವೇ ನಿಮಿಷಗಳಲ್ಲಿ ವಿಫಲವಾದರೆ ಕೋರ್ ವೋಲ್ಟೇಜನ್ನು ಮುಟ್ಟದೆ ಮೆಮೊರಿಯನ್ನು ಶೋಧಿಸುವುದು ಜಾಣತನ.

ಎವಿಎಕ್ಸ್ ಬಗೆಯ ಸೂಚನೆಗಳನ್ನು ಬಳಸುವ ಪರೀಕ್ಷೆಗಳು ದಿನನಿತ್ಯದ ಬಳಕೆಗಿಂತ ಬಹಳ ಹೆಚ್ಚು ವಿದ್ಯುತ್ ಸೆಳೆಯುತ್ತವೆ. ಅಂತಹ ಹೊರೆಯಲ್ಲಿ ಮಾತ್ರ ವಿಫಲವಾಗುವ ಗಣಕವನ್ನು ಆಟಗಳಿಗೆ ಸಾಕೆಂದು ಬಿಟ್ಟುಬಿಡಬಹುದೇ ಎಂಬುದು ಹಳೆಯ ವಿವಾದ. ವಿಡಿಯೊ ಸಂಕಲನ ಹಾಗೂ ವೈಜ್ಞಾನಿಕ ಲೆಕ್ಕಗಳ ತಂತ್ರಾಂಶಗಳು ಇದೇ ಸೂಚನೆಗಳನ್ನು ಬಳಸುವುದರಿಂದ, ಕೆಲಸಕ್ಕೆ ಬಳಸುವ ಗಣಕದ ಮಟ್ಟಿಗೆ ಆ ವಾದ ನಿಲ್ಲುವುದಿಲ್ಲ.

ಮೆಮೊರಿಯ ಪಾತ್ರ

ಪ್ರೊಸೆಸರಿನ ದೋಷವೆಂದು ಭಾವಿಸಲಾದ ಅನೇಕ ಪ್ರಕರಣಗಳ ಮೂಲ ಮೆಮೊರಿಯಲ್ಲಿರುತ್ತದೆ. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೊ ಎಂಬ ಸಿದ್ಧ ಸಂಯೋಜನೆಯನ್ನು ಆನ್ ಮಾಡಿದವರು ತಾವು ಓವರ್‌ಕ್ಲಾಕ್ ಮಾಡಿದ್ದೇವೆಂದು ತಿಳಿದಿರುವುದಿಲ್ಲ. ಡಿಡಿಆರ್4 ಮೆಮೊರಿಯ ಪ್ರಮಾಣಿತ ವೋಲ್ಟೇಜ್ 1.2, ಎಕ್ಸ್‌ಎಂಪಿ ಅದನ್ನು ಸಾಮಾನ್ಯವಾಗಿ 1.35ಕ್ಕೆ ಏರಿಸುತ್ತದೆ, ಮತ್ತು ಪ್ರೊಸೆಸರಿನೊಳಗಿರುವ ಮೆಮೊರಿ ನಿಯಂತ್ರಕವೂ ಹೆಚ್ಚಿನ ವೇಗದಲ್ಲಿ ನಡೆಯಬೇಕಾಗುತ್ತದೆ. ಮೆಮ್‌ಟೆಸ್ಟ್86+ ತಂತ್ರಾಂಶವನ್ನು ಯುಎಸ್‌ಬಿ ಡ್ರೈವ್‌ನಿಂದ ಪ್ರಾರಂಭಿಸಿ, ಕಾರ್ಯಾಚರಣ ವ್ಯವಸ್ಥೆಯ ಹೊರಗೇ ಪರೀಕ್ಷಿಸುವುದು ರೂಢಿ. ಒಂದೇ ಒಂದು ದೋಷ ಕಂಡುಬಂದರೂ ಆ ಸಂಯೋಜನೆ ಸ್ವೀಕಾರಾರ್ಹವಲ್ಲ.

ಹಗುರ ಹೊರೆಯಲ್ಲಿನ ಅಸ್ಥಿರತೆ

ಇತ್ತೀಚಿನ ಪ್ರೊಸೆಸರ್‌ಗಳು ಹೊರೆಗೆ ತಕ್ಕಂತೆ ವೇಗವನ್ನು ಸ್ವತಃ ಬದಲಿಸಿಕೊಳ್ಳುತ್ತವೆ. 2020ರ ನವೆಂಬರ್‌ನಲ್ಲಿ ಬಂದ ಎಎಂಡಿ ರೈಜನ್ 7 5800ಎಕ್ಸ್, ಒಂದೆರಡು ಕೋರ್‌ಗಳಿಗೆ ಮಾತ್ರ ಕೆಲಸವಿದ್ದಾಗ 4.7 ಗಿಗಾಹರ್ಟ್ಸ್‌ನವರೆಗೆ ಏರುತ್ತದೆ. ಎಲ್ಲ ಕೋರ್‌ಗಳೂ ದುಡಿಯುವಾಗ ಅದಕ್ಕಿಂತ ಕಡಿಮೆ ವೇಗದಲ್ಲಿರುತ್ತದೆ. ಈ ಚಿಪ್‌ಗಳಲ್ಲಿ 'ಕರ್ವ್ ಆಪ್ಟಿಮೈಜರ್' ಎಂಬ ಆಯ್ಕೆಯಿಂದ ಪ್ರತಿ ಕೋರ್‌ನ ವೋಲ್ಟೇಜನ್ನು ಗರಿಷ್ಠ 30 ಹಂತಗಳಷ್ಟು ಇಳಿಸಬಹುದು. ಹೀಗೆ ಇಳಿಸಿದ ಗಣಕವು ಒತ್ತಡ ಪರೀಕ್ಷೆಯಲ್ಲಿ ರಾತ್ರಿಯಿಡೀ ಸರಾಗವಾಗಿ ನಡೆದು, ಬೆಳಿಗ್ಗೆ ಬ್ರೌಸರ್ ತೆರೆಯುತ್ತಿದ್ದಂತೆಯೇ ಮರುಪ್ರಾರಂಭವಾಗುವುದುಂಟು. ಪೂರ್ಣ ಹೊರೆಯ ಪರೀಕ್ಷೆಯು ಅತಿ ಹೆಚ್ಚಿನ ವೇಗದ ಸ್ಥಿತಿಯನ್ನು ಮುಟ್ಟುವುದೇ ಇಲ್ಲವೆಂಬುದು ಇದಕ್ಕೆ ಕಾರಣ. ಕೋರ್‌ಸೈಕ್ಲರ್‌ನಂತಹ ಸಾಧನದಿಂದ ಒಂದೊಂದೇ ಕೋರನ್ನು ಸರದಿಯಂತೆ ಪರೀಕ್ಷಿಸಿ, ದೋಷ ತೋರಿದ ಕೋರ್‌ನ ಇಳಿಕೆಯನ್ನು ಮಾತ್ರ ಕಡಿಮೆ ಮಾಡುವುದು ಸರಿಯಾದ ಕ್ರಮ.

ಇತರ ಕಾರಣಗಳು

ವಿದ್ಯುತ್ ಪೂರೈಕೆ ಘಟಕದ 12 ವೋಲ್ಟ್ ಸರಬರಾಜು ಶೇಕಡಾ 5ರ ಮಿತಿಯೊಳಗೆ, ಅಂದರೆ 11.4ರಿಂದ 12.6 ವೋಲ್ಟ್ ನಡುವೆ ಇರಬೇಕು. ಮದರ್‌ಬೋರ್ಡಿನ ವೋಲ್ಟೇಜ್ ನಿಯಂತ್ರಕಗಳು ಅತಿಯಾಗಿ ಬಿಸಿಯಾಗುವುದು, ತಂಪುಕಾರಕ ಸರಿಯಾಗಿ ಕೂರದಿರುವುದು, ಉಷ್ಣಲೇಪ ಒಣಗಿರುವುದು ಇವೂ ಇದೇ ಲಕ್ಷಣಗಳನ್ನು ತೋರುತ್ತವೆ.

ಕೆಲವೊಮ್ಮೆ ದೋಷವು ಚಿಪ್ಪಿನದೇ ಆಗಿರುತ್ತದೆ. ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಓವರ್‌ಕ್ಲಾಕ್ ಮಾಡದಿದ್ದರೂ ಕುಸಿಯುತ್ತಿದ್ದವು. ಆಟಗಳಲ್ಲಿ ಅದು ವಿಡಿಯೊ ಮೆಮೊರಿ ಸಾಲದೆಂಬ ದಾರಿತಪ್ಪಿಸುವ ಸಂದೇಶವಾಗಿಯೂ ಕಾಣಿಸಿಕೊಳ್ಳುತ್ತಿತ್ತು. ಅತಿಯಾದ ವೋಲ್ಟೇಜಿನಿಂದ ಚಿಪ್ಪಿನ ಗಡಿಯಾರ ಮಂಡಲವು ಸವೆದು, ಅದಕ್ಕೆ ಬೇಕಾದ ಕನಿಷ್ಠ ವೋಲ್ಟೇಜ್ ಏರುವುದೇ ಕಾರಣವೆಂದು ಸಂಸ್ಥೆಯು 2024ರಲ್ಲಿ ತಿಳಿಸಿ, ಮೈಕ್ರೊಕೋಡ್ ತಿದ್ದುಪಡಿಗಳನ್ನು ಬಿಡುಗಡೆ ಮಾಡಿತು ಹಾಗೂ ಖಾತರಿಯನ್ನು 2 ವರ್ಷ ವಿಸ್ತರಿಸಿತು. ಈಗಾಗಲೇ ಸವೆದ ಚಿಪ್ಪನ್ನು ಈ ತಿದ್ದುಪಡಿ ಸರಿಪಡಿಸಲಾರದು. ಕೈಯಾರೆ ಹೆಚ್ಚಿನ ವೋಲ್ಟೇಜ್ ಕೊಟ್ಟು ವರ್ಷಗಟ್ಟಲೆ ನಡೆಸಿದ ಚಿಪ್‌ಗಳೂ ಸವೆತಕ್ಕೆ ಒಳಗಾಗುತ್ತವೆ. ಎರಡು ವರ್ಷ ಸ್ಥಿರವಾಗಿದ್ದ ಸಂಯೋಜನೆ ಇದ್ದಕ್ಕಿದ್ದಂತೆ ವಿಫಲವಾದರೆ ವೋಲ್ಟೇಜ್ ಏರಿಸುವುದಕ್ಕಿಂತ ವೇಗ ಇಳಿಸುವುದು ಒಳ್ಳೆಯದು.

ದತ್ತಾಂಶಕ್ಕೆ ಹಾನಿ

ಅಸ್ಥಿರ ಪ್ರೊಸೆಸರ್ ಸಂಕುಚಿತ ಕಡತವನ್ನು ಬಿಡಿಸುವಾಗ, ಡಿಸ್ಕ್‌ಗೆ ಬರೆಯುವಾಗ ಅಥವಾ ಕಾರ್ಯಾಚರಣ ವ್ಯವಸ್ಥೆಯನ್ನು ನವೀಕರಿಸುವಾಗ ತಪ್ಪು ಮಾಡಿದರೆ, ಓವರ್‌ಕ್ಲಾಕ್ ತೆಗೆದ ಮೇಲೂ ಆ ಹಾನಿ ಉಳಿಯುತ್ತದೆ. ಹಾಗಾಗಿ ದೋಷನಿವಾರಣೆಯ ನಂತರ ವ್ಯವಸ್ಥೆಯ ಕಡತಗಳನ್ನು ಪರಿಶೀಲಿಸಬೇಕು. ಅಸ್ಥಿರತೆಯ ಅವಧಿಯಲ್ಲಿ ತೆಗೆದ ಬ್ಯಾಕಪ್‌ಗಳನ್ನೂ ನೆಚ್ಚಿಕೊಳ್ಳುವಂತಿಲ್ಲ.

ಮೈಕ್ರೋಸಾಫ್ಟ್‌ನ ಎಂಜಿನಿಯರ್ ರೇಮಂಡ್ ಚೆನ್ 2005ರಲ್ಲಿ ಇದಕ್ಕೆ ಸಂಬಂಧಿಸಿದ ಪ್ರಸಂಗವೊಂದನ್ನು ಬರೆದಿದ್ದಾರೆ. ವಿಂಡೋಸ್‌ನಿಂದ ಬಂದ ಕೆಲವು ಕುಸಿತದ ವರದಿಗಳಲ್ಲಿ, ವಿಫಲವಾಗಲು ಸಾಧ್ಯವೇ ಇಲ್ಲದ ಸೂಚನೆಯೊಂದು ವಿಫಲವಾಗಿತ್ತು. ಅದು ರಿಜಿಸ್ಟರ್ ಒಂದನ್ನು ಸೊನ್ನೆಯಾಗಿಸುವ ಸರಳ ಸೂಚನೆ. ವಿಚಾರಿಸಿದಾಗ ಅವುಗಳಲ್ಲಿ ಅನೇಕ ಗಣಕಗಳು ಓವರ್‌ಕ್ಲಾಕ್ ಆಗಿದ್ದವೆಂದು ತಿಳಿಯಿತು. ಕೆಲವು ಗ್ರಾಹಕರಿಗೆ ಆ ವಿಷಯವೇ ಗೊತ್ತಿರಲಿಲ್ಲ. ಅವರಿಗೆ ಗಣಕವನ್ನು ಮಾರಿದ ಅಂಗಡಿಯವರೇ ವೇಗವನ್ನು ಏರಿಸಿ ಕೊಟ್ಟಿದ್ದರು.