ಸತ್ತ ಟ್ಯೂಬ್‌ಲೈಟ್ ಎಲ್ಲಿಗೆ ಹೋಗುತ್ತದೆ?

ಜೋಕು ಮುಗಿದು ಐದು ನಿಮಿಷದ ಮೇಲೆ ನಗುವವರನ್ನು ದೊಡ್ಡವರು “ಒಳ್ಳೇ ಟ್ಯೂಬ್‌ಲೈಟ್ ಕಣೋ ನೀನು” ಎಂದು ಛೇಡಿಸುವುದನ್ನು ನೀವು ಕೇಳಿರಬಹುದು. ಸ್ವಿಚ್ಚು ಹಾಕಿದರೆ ನಾಲ್ಕು ಸಲ ಮಿಣುಕಿ, ಆಮೇಲೆ ಹತ್ತುವ ದೀಪದಿಂದ ಬಂದ ಮಾತು ಅದು. ಈಗ ಮಾತು ಉಳಿದಿದೆ, ದೀಪ ಹೋಗುತ್ತಿದೆ. ಅದನ್ನು ಕಳುಹಿಸಿಕೊಡುವ ಕೆಲಸ ಶುರುವಾದ ಊರುಗಳಲ್ಲಿ ನೈರೋಬಿಯೂ ಒಂದು.

ಟ್ಯೂಬ್‌ಲೈಟ್ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಹಳೆಯ ಬುರುಡೆ ಬಲ್ಬಿಗಿಂತ ಬಹಳ ಕಡಿಮೆ ಕರೆಂಟಿನಲ್ಲಿ ಅಷ್ಟೇ ಬೆಳಕು ಕೊಟ್ಟಿತು. ಆದ್ದರಿಂದ ಜಗತ್ತಿನ ಅಂಗಡಿ, ಆಫೀಸು, ಕಾರ್ಖಾನೆಗಳೆಲ್ಲ ಅದನ್ನೇ ತೂಗುಹಾಕಿದವು. ಒಂದು ಕಾಲದಲ್ಲಿ ಇಂಡಿಯನ್ ಬಜಾರ್ ಎನಿಸಿಕೊಂಡಿದ್ದ ನೈರೋಬಿಯ ಬಿಯಾಶಾರಾ ಸ್ಟ್ರೀಟಿನ ಬಟ್ಟೆ ಅಂಗಡಿಗಳಿಂದ ಹಿಡಿದು ಇಂಡಸ್ಟ್ರಿಯಲ್ ಏರಿಯಾದ ಗೋದಾಮುಗಳವರೆಗೆ ಇದೇ ಬಿಳಿ ಬೆಳಕು.

ಈ ದೀಪ ಸಾಯುವುದು ಹೇಗೆ? ಗಾಜಿನ ಕೊಳವೆಯ ಎರಡೂ ತುದಿಯಲ್ಲಿ ಸಣ್ಣ ತಂತಿ ಸುರುಳಿ ಇರುತ್ತದೆ. ಅದಕ್ಕೆ ಬೇರಿಯಂ ಮುಂತಾದವುಗಳ ಲೇಪ. ಪ್ರತಿ ಸಲ ದೀಪ ಹತ್ತುವಾಗಲೂ ಆ ಲೇಪ ಸ್ವಲ್ಪ ಉದುರುತ್ತದೆ. ತುದಿಗಳು ಕಪ್ಪಾಗುವುದು ಹೀಗೆ. ಪದೇಪದೇ ಆರಿಸಿ ಹಾಕಿದರೆ ಟ್ಯೂಬಿನ ಆಯಸ್ಸು ಕಡಿಮೆಯಾಗುವುದೂ ಇದರಿಂದಲೇ. ವೋಲ್ಟೇಜು ಇಳಿದಾಗಲಂತೂ ದೀಪ ಹತ್ತಲಾರದೆ ಸ್ಟಾರ್ಟರ್ ಮತ್ತೆ ಮತ್ತೆ ಪ್ರಯತ್ನಿಸುತ್ತದೆ.

ಲೇಪ ಪೂರ್ತಿ ಮುಗಿದ ಮೇಲೂ ಸ್ಟಾರ್ಟರ್ ಸುಮ್ಮನಿರುವುದಿಲ್ಲ. ದೀಪ ಮಿಣುಕುತ್ತಲೇ ಇರುತ್ತದೆ, ಚೋಕ್ ಕಾಯುತ್ತಲೇ ಇರುತ್ತದೆ. ಹಳೆಯ ಚೋಕ್‌ನ ಒಳಗಿನ ಇನ್ಸುಲೇಷನ್ ಸುಟ್ಟು, ಫಾಲ್ಸ್ ಸೀಲಿಂಗ್ ಮೇಲಿನ ಧೂಳಿಗೆ ಕಿಡಿ ತಾಗಿದರೆ ಬೆಂಕಿ. “ಮಿಣುಕಿದರೆ ಮಿಣುಕಲಿ, ತಿಂಗಳ ಕೊನೆಗೆ ಬದಲಾಯಿಸೋಣ” ಎನ್ನುವ ಅಂಗಡಿಯವರು ಅರಿಯದೇ ಇರುವ ಅಪಾಯ ಇದು. ಮಿಣುಕುವ ಟ್ಯೂಬನ್ನು ಅಂದೇ ತೆಗೆಯಬೇಕು.

ಎರಡನೆಯ ಅಪಾಯ ಗಾಜಿನ ಒಳಗಿದೆ. ಬೆಳಕು ಹುಟ್ಟುವುದು ಪಾದರಸದ ಆವಿಯಿಂದ. ಆ ಆವಿ ಹೊಮ್ಮಿಸುವ ಕಣ್ಣಿಗೆ ಕಾಣದ ಕಿರಣವನ್ನು ಗಾಜಿಗೆ ಬಳಿದ ಪುಡಿ ಬೆಳಕಾಗಿ ಬದಲಿಸುತ್ತದೆ. ಈ ಪುಡಿಗೂ ಒಂದು ಚರಿತ್ರೆಯಿದೆ. ಮೊದಮೊದಲು ಅದರಲ್ಲಿ ಬೆರಿಲಿಯಂ ಇರುತ್ತಿತ್ತು. ಅಮೆರಿಕದ ಟ್ಯೂಬ್ ಕಾರ್ಖಾನೆಯ ಕೆಲಸಗಾರರ ಶ್ವಾಸಕೋಶ ಹಾಳಾಗುತ್ತಿರುವುದನ್ನು ಡಾ. ಹ್ಯಾರಿಯೆಟ್ ಹಾರ್ಡಿ 1946ರಲ್ಲಿ ವರದಿ ಮಾಡಿದರು. 1949ರಲ್ಲಿ ಅಲ್ಲಿನ ತಯಾರಕರು ಬೆರಿಲಿಯಂ ಬಿಟ್ಟರು. ಪಾದರಸವನ್ನು ಮಾತ್ರ ಬಿಡುವಂತಿರಲಿಲ್ಲ. ಅದಿಲ್ಲದೆ ಟ್ಯೂಬ್‌ಲೈಟೇ ಇಲ್ಲ.

ಪಾದರಸ ಏನು ಮಾಡಬಲ್ಲದು ಎಂದು ಜಗತ್ತಿಗೆ ಗೊತ್ತಾದದ್ದು ಜಪಾನಿನ ಮಿನಮಾಟದಲ್ಲಿ. ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸ ಮೀನಿಗೆ ಸೇರಿ, ಮೀನು ತಿಂದವರ ನರಮಂಡಲ ಕೆಟ್ಟಿತು. ಆ ಕಾಯಿಲೆ ಗುರುತಾದದ್ದು 1956ರಲ್ಲಿ. ಐವತ್ತು ವರ್ಷ ದಾಟಿದ ಮೇಲೆ, 2009ರ ಫೆಬ್ರವರಿಯಲ್ಲಿ, ನೈರೋಬಿಯ ಗಿಗಿರಿಯಲ್ಲಿರುವ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ಕೇಂದ್ರದಲ್ಲಿ 140ಕ್ಕೂ ಹೆಚ್ಚು ದೇಶಗಳು ಪಾದರಸಕ್ಕೆ ಕಾನೂನಿನ ಕಡಿವಾಣ ಬೇಕೆಂದು ಒಪ್ಪಿದವು. 2013ರಲ್ಲಿ ಮಿನಮಾಟ ಒಪ್ಪಂದಕ್ಕೆ ಸಹಿ ಬಿತ್ತು, 2017ರಲ್ಲಿ ಅದು ಜಾರಿಗೆ ಬಂತು. ಟ್ಯೂಬ್‌ಲೈಟುಗಳನ್ನೇ ನಿಲ್ಲಿಸೋಣ ಎಂಬ ಪ್ರಸ್ತಾಪ ತಂದವರು ಆಫ್ರಿಕದ ದೇಶಗಳು. 2023ರಲ್ಲಿ ಜಿನೀವಾದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಸಾಮಾನ್ಯ ಬಳಕೆಯ ಟ್ಯೂಬುಗಳ ತಯಾರಿ, ಆಮದು, ರಫ್ತುಗಳಿಗೆ 2027 ಕೊನೆಯ ಗಡುವು.

ಕಥೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳಬೇಡಿ. ಗಡುವು ಹತ್ತಿರವಾದಂತೆ ಹಳೆಯ ಟ್ಯೂಬುಗಳು ರಾಶಿರಾಶಿಯಾಗಿ ಕೆಳಗಿಳಿಯುತ್ತವೆ. ಎಲ್ಲಿಗೆ? ನೈರೋಬಿಯ ಕಸ ಹೋಗಿ ಬೀಳುವ ದೊಡ್ಡ ಜಾಗ ಡಂಡೋರಾ. ಅಲ್ಲಿ ಕಸ ಆಯ್ದು ಹೊಟ್ಟೆ ಹೊರೆಯುವವರಿದ್ದಾರೆ, ಪಕ್ಕದಲ್ಲೇ ಮಕ್ಕಳು ಓದುವ ಶಾಲೆಗಳಿವೆ. 2007ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ 328 ಮಕ್ಕಳನ್ನು ಪರೀಕ್ಷಿಸಿತು. ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಮಿತಿಮೀರಿತ್ತು, ಮಣ್ಣಿನಲ್ಲಿ ಪಾದರಸವೂ ಮಿತಿ ದಾಟಿತ್ತು. ಎಲ್ಲ ಪಾದರಸವೂ ಟ್ಯೂಬಿನದ್ದಲ್ಲ, ನಿಜ. ಆದರೆ ಬೆಳಕು ನಮಗೆ, ಒಡೆದ ಗಾಜು ಅವರಿಗೆ ಎಂಬ ಹಂಚಿಕೆ ಎಲ್ಲ ಊರಿನಲ್ಲೂ ಇದೆ, ನಿಮ್ಮ ಊರಿನಲ್ಲೂ ಇರಬಹುದು.

ಆದ್ದರಿಂದ ಒಂದೆರಡು ಕೆಲಸ ನಿಮಗೆ. ಸತ್ತ ಟ್ಯೂಬನ್ನು ಒಡೆಯದೆ, ಅದು ಬಂದ ರಟ್ಟಿನ ತೋಳಿನಲ್ಲೇ ತೂರಿಸಿಡಿ. ಮನೆಯ ಕಸದ ಬುಟ್ಟಿಗೆ ಹಾಕದೆ, ದೀಪಗಳನ್ನು ವಾಪಸು ಪಡೆಯುವ ಕಡೆಗೆ ಕೊಡಿ. ಅಕಸ್ಮಾತ್ ಒಡೆದರೆ ಫ್ಯಾನು, ಎಸಿ ಆರಿಸಿ, ಕಿಟಕಿ ತೆರೆದು, ಹದಿನೈದು ನಿಮಿಷ ಹೊರಗಿರಿ. ಆಮೇಲೆ ದಪ್ಪ ಕಾಗದದಿಂದ ಚೂರು ಎತ್ತಿ, ಪುಡಿಯನ್ನು ಅಂಟು ಟೇಪಿನಿಂದ ಒತ್ತಿ ತೆಗೆದು, ಮುಚ್ಚಳದ ಡಬ್ಬಿಗೆ ಹಾಕಿ. ಪೊರಕೆಯೂ ಬೇಡ, ವ್ಯಾಕ್ಯೂಮ್ ಕ್ಲೀನರೂ ಬೇಡ, ಎರಡೂ ಪಾದರಸವನ್ನು ಗಾಳಿಗೆ ಎಬ್ಬಿಸುತ್ತವೆ. ನಿಮ್ಮ ಅಪ್ಪನ ಆಫೀಸಿನಲ್ಲೋ, ಚಿಕ್ಕಪ್ಪನ ಅಂಗಡಿಯಲ್ಲೋ ದೀಪ ಬದಲಾಯಿಸುತ್ತಿದ್ದರೆ ಒಂದೇ ಪ್ರಶ್ನೆ ಕೇಳಿ: ಇಳಿಸಿದ ಟ್ಯೂಬುಗಳನ್ನು ಯಾರಿಗೆ ಕೊಡುತ್ತೀರಿ?