ಹಳೆಯ ಬ್ರೌಸರುಗಳೂ ಕನ್ನಡದ ಓದುಗರೂ

ಜಾಲತಾಣವನ್ನು ಕಟ್ಟುವವರು ಎಷ್ಟು ಹಳೆಯ ಬ್ರೌಸರಿನವರೆಗೆ ಹೊಣೆ ಹೊರಬೇಕು, ಯಾವ ಘಟ್ಟದಲ್ಲಿ ಅದನ್ನು ಇಳಿಸಬಹುದು ಎಂಬ ವಿಚಾರವು ಇಂಗ್ಲಿಷಿನ ಓದುಗನಿಗೆ ಬಹುಮಟ್ಟಿಗೆ ಪುಟದ ಅಂದಚೆಂದಕ್ಕೆ ಸಂಬಂಧಿಸಿದ್ದ ಕಾಲದಲ್ಲಿಯೇ, ಕನ್ನಡದ ಓದುಗನಿಗೆ ಅದು ಅಕ್ಷರಗಳು ಕಾಣುವುವೋ ಇಲ್ಲವೋ ಎಂಬ ಮೂಲಪ್ರಶ್ನೆಯೇ ಆಗಿದ್ದಿತು. 1996ರಲ್ಲಿ ಯು. ಬಿ. ಪವನಜರ ವಿಶ್ವಕನ್ನಡ ಜಾಲತಾಣವು ಆರಂಭವಾದ ಆ ದಿನಗಳಲ್ಲಿ, ತಾಣಕ್ಕೆ ಬೇಕಾದ ಫಾಂಟು ಓದುಗನ ಗಣಕದಲ್ಲಿ ಇಲ್ಲದಿದ್ದರೆ ಕನ್ನಡದ ಸ್ಥಾನದಲ್ಲಿ ಅರ್ಥಹೀನವಾದ ಚಿಹ್ನೆಗಳೇ ತೋರುತ್ತಿದ್ದುವು. 1997ರಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರಿನ ನಾಲ್ಕನೆಯ ಆವೃತ್ತಿಯೊಡನೆ ಪುಟದ ಜೊತೆಗೇ ಇಳಿದುಬರುವ ಫಾಂಟಿನ ಸೌಕರ್ಯವು ಒದಗಿತಾದರೂ, ಆ ಕ್ರಮವನ್ನು ಆಶ್ರಯಿಸಿದ ಪುಟವು ನೆಟ್‌ಸ್ಕೇಪಿನವನಿಗೆ ಅಗಮ್ಯವಾಗಿಯೇ ಉಳಿಯಿತು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಎಡೆ ದೊರೆತಿದ್ದರೂ ವಿಂಡೋಸ್ ಅದನ್ನು ಯಥಾವತ್ತಾಗಿ ಮೂಡಿಸತೊಡಗಿದುದು 2001ರ ಎಕ್ಸ್‌ಪಿಯಿಂದ, ಅದರೊಡನೆ ಬಂದ ತುಂಗಾ ಫಾಂಟಿನಿಂದ. ಆದಕಾರಣ ಯೂನಿಕೋಡಿಗೆ ತೆರಳಿದ ತಾಣವು ವಿಂಡೋಸ್ 98ರ ಓದುಗರನ್ನು ಅನಿವಾರ್ಯವಾಗಿ ಬಿಟ್ಟು ಹೊರಟಿತು. ಆ ತ್ಯಾಗವು ಯುಕ್ತವಾದುದೆಂದೇ ನನ್ನ ಮತ; ಏಕೆಂದರೆ ನಷ್ಟವು ತಾತ್ಕಾಲಿಕವಾಗಿ, ಲಾಭವು ಎಲ್ಲ ಕನ್ನಡಿಗರಿಗೂ ಶಾಶ್ವತವಾಗಿ ಸಂದಿತು.

ಮುಂದಿನ ಎರಡು ದಶಕಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 2001ರ ಆರನೆಯ ಎಕ್ಸ್‌ಪ್ಲೋರರಿಗೆ ಐದು ವರ್ಷ ಉತ್ತರಾಧಿಕಾರಿಯೇ ಇರಲಿಲ್ಲ. 2010ರಲ್ಲಿ ಯೂಟ್ಯೂಬ್ ಅದನ್ನು ಕೈಬಿಟ್ಟಿತು. 2022ರ ಜೂನ್ 15ರಂದು ಹನ್ನೊಂದನೆಯದೂ ನಿವೃತ್ತವಾಯಿತು. ಈ ನಡುವೆ 2006ರಲ್ಲಿ ಯಾಹೂ ಸಂಸ್ಥೆಯು ಬ್ರೌಸರುಗಳನ್ನು ಶ್ರೇಣಿಗಳಾಗಿ ವಿಂಗಡಿಸಿ, ಸಮರ್ಥವಾದವುಗಳಿಗೆ ಪೂರ್ಣ ವೈಭವವನ್ನೂ ಅಸಮರ್ಥವಾದವುಗಳಿಗೆ ಬರಿಯ ಪಠ್ಯವನ್ನೂ ನೀಡುವ ಪದ್ಧತಿಯನ್ನು ಪ್ರಕಟಿಸಿದುದು ಈ ಕ್ಷೇತ್ರದ ಅತ್ಯಂತ ವಿವೇಕಯುತವಾದ ಹೆಜ್ಜೆ.

ಈ ಪ್ರಶ್ನೆಯು ಈಗ ಹಳ್ಳಿಗಳನ್ನೂ ಮುಟ್ಟಿದೆ. ರೋಣ, ನರಗುಂದ, ಗಜೇಂದ್ರಗಡಗಳ ರೈತನಿಗೆ, ಭೂದಾಖಲೆಗಳನ್ನು ಗಣಕಕ್ಕೇರಿಸಿದ ಭೂಮಿ ಯೋಜನೆಯ ಮೊದಲ ವರ್ಷಗಳಲ್ಲಿ ಬ್ರೌಸರಿನ ಗೊಡವೆಯಿರಲಿಲ್ಲ. ಪಹಣಿಯ ಉತಾರವನ್ನು ತಾಲ್ಲೂಕು ಕಚೇರಿಯ ಗಣಕವೇ ಮುದ್ರಿಸಿ ಕೊಡುತ್ತಿದ್ದಿತು. ಇಂದು ಪಹಣಿಯೂ ಬೆಳೆವಿಮೆಯ ಸಂರಕ್ಷಣೆ ತಾಣವೂ ಫೋನಿನಲ್ಲಿಯೇ ತೆರೆಯಬೇಕಾದುವು. 2017ರಲ್ಲಿ ಬಂದ ಜಿಯೋಫೋನಿನ ಬ್ರೌಸರಾದರೋ 2016ರ ಫೈರ್‌ಫಾಕ್ಸಿನ ತಂತ್ರಾಂಶವನ್ನೇ ಅವಲಂಬಿಸಿದ್ದಿತು. ತಾಣದವರು ತಮ್ಮ ಅಂಕಿಅಂಶಗಳನ್ನು ನೋಡಿ ಹಳೆಯ ಬ್ರೌಸರಿನವರು ನೂರಕ್ಕೆ ಒಬ್ಬರೂ ಇಲ್ಲವೆಂದು ನಿರ್ಧರಿಸುವಾಗ, ಪುಟವೇ ತೆರೆಯದೆ ಹಿಂದಿರುಗಿದವನು ಆ ಲೆಕ್ಕಕ್ಕೆ ಬರುವುದೇ ಇಲ್ಲವೆಂಬುದನ್ನೂ, ಅವನು ಹಣ ತೆತ್ತು ಸೇವಾಕೇಂದ್ರದಲ್ಲಿ ಮಾಡಿಸಿದ ಕೆಲಸವು ಆ ಕೇಂದ್ರದ ಹೊಸ ಗಣಕದ ಹೆಸರಿನಲ್ಲಿ ದಾಖಲಾಗುವುದೆಂಬುದನ್ನೂ ಮರೆಯುತ್ತಾರೆ.

ಇದಕ್ಕೆ ಪ್ರತಿಯಾಗಿ ಒಂದು ಸತ್ಪಥವೂ ಉಂಟು. ತಾಣಗಳಿಗೆ ಭದ್ರತಾಪತ್ರ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯು, ಆಂಡ್ರಾಯ್ಡ್ ಫೋನುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು 7.1ನೆಯ ಆವೃತ್ತಿಗಿಂತ ಹಳೆಯವೆಂದೂ 2021ರಲ್ಲಿ ಅವುಗಳಿಗೆ ಅನೇಕ ತಾಣಗಳು ತೆರೆಯಲಾರವೆಂದೂ 2020ರ ನವೆಂಬರಿನಲ್ಲಿ ಪ್ರಕಟಿಸಿ, ಬಳಿಕ ಉಪಾಯವನ್ನು ಕಂಡುಹಿಡಿದು, ಅವಧಿಯನ್ನು 2024ರವರೆಗೆ ವಿಸ್ತರಿಸಿತು. ಭದ್ರತೆಯ ದುರಸ್ತಿ ನಿಂತ ಬ್ರೌಸರಿನಲ್ಲಿ ಹಣ ಪಾವತಿಯನ್ನು ತಡೆಯುವುದು ನ್ಯಾಯವೇ. ಆದರೆ ಉತಾರವನ್ನು ನೋಡಲು, ವಿಮೆಯ ಅರ್ಜಿಯ ಸ್ಥಿತಿಯನ್ನು ತಿಳಿಯಲು ಸರಳವಾದ ಪಠ್ಯಪುಟವೊಂದು ಉಳಿಯಲೇಬೇಕು. ಕೈಬಿಡುವುದು ನಿಶ್ಚಯವಾದಲ್ಲಿಯೂ ಅದರ ದಿನಾಂಕವನ್ನು ತಿಂಗಳುಗಳ ಮೊದಲೇ ಕನ್ನಡದಲ್ಲಿ ಆ ಪುಟದ ಮೇಲೆಯೇ ಸಾರಬೇಕು. ಹೆಸರು ಬಿತ್ತಿದ ಎರೆಹೊಲಗಳ ರೈತರು ವಿಮೆಯ ಗಡುವನ್ನು ಎದುರುನೋಡುವ ಜೂನ್–ಜುಲೈ ತಿಂಗಳುಗಳಲ್ಲಿ ಅಂಥ ಬದಲಾವಣೆಗೆ ಕೈಹಾಕದೆ, ಸುಗ್ಗಿ ಮುಗಿಯುವವರೆಗೆ ಕಾಯಬೇಕು.